ಒಂದೇ ಸರಪಳಿಯ ಕಿಣ್ವಕ್ಕೆ ಎಸ್ ಆಕಾರದ ರೇಖೆ ಎಲ್ಲಿಂದ ಬಂತು? ಗ್ಲೂಕೋಕೈನೇಸ್‌ನ ಅಲೋಸ್ಟೆರಿಕ್ ನಿಯಂತ್ರಣ

ಪ್ರಶ್ನೆ: ಅಲೋಸ್ಟೆರಿಕ್ ನಿಯಂತ್ರಣವೆಂದರೆ ಹಿಮೋಗ್ಲೋಬಿನ್‌ನಂತೆ ಹಲವು ಉಪಘಟಕಗಳಿರುವ ಪ್ರೋಟೀನಿನಲ್ಲಿ ಒಂದು ತಾಣದಲ್ಲಾದ ಬದಲಾವಣೆ ಇನ್ನೊಂದು ತಾಣಕ್ಕೆ ತಲುಪುವುದು ಎಂದು ಓದಿದ್ದೇನೆ. ಆದರೆ ಮನುಷ್ಯನ ಗ್ಲೂಕೋಕೈನೇಸ್ ಒಂದೇ ಸರಪಳಿಯ ಕಿಣ್ವ, ಅದರಲ್ಲಿ ಗ್ಲೂಕೋಸ್ ಕೂರುವ ಜಾಗವೂ ಒಂದೇ. ಹಾಗಿದ್ದೂ ಅದರ ವೇಗದ ರೇಖೆ ಎಸ್ ಆಕಾರದಲ್ಲಿರುವುದು ಹೇಗೆ? ಕ್ರಿಯಾತಾಣದಿಂದ ದೂರದಲ್ಲಿ ಅಂಟಿಕೊಳ್ಳುವ ಔಷಧಿಯ ಅಣು ಅದನ್ನು ಚುರುಕುಗೊಳಿಸುವುದು ಹೇಗೆ? ಆ ಜಾಗದಲ್ಲಿ ದೇಹದ್ದೇ ಆದ ಯಾವುದಾದರೂ ಅಣು ಕೂರುತ್ತದೆಯೆ?

ಉತ್ತರ: ನಿಮ್ಮ ಮೂರು ಪ್ರಶ್ನೆಗಳಿಗೂ ಬೇರು ಒಂದೇ ಕಡೆ ಇದೆ. ಗ್ಲೂಕೋಕೈನೇಸ್‌ನಲ್ಲಿ ನಿಯಂತ್ರಣ ನಡೆಯುವುದು ಒಂದು ತಾಣ ಮತ್ತೊಂದು ತಾಣದೊಡನೆ ವ್ಯವಹರಿಸುವುದರಿಂದಲ್ಲ. ಅಸ್ತವ್ಯಸ್ತವಾಗಿರುವ ಒಂದು ಭಾಗ ಅಚ್ಚುಕಟ್ಟಾಗಲು ಹಿಡಿಯುವ ಸಮಯದಿಂದ. ಇದನ್ನು ಒಪ್ಪಿಕೊಂಡರೆ ಎಸ್ ಆಕಾರದ ರೇಖೆ, ದೂರದ ಔಷಧಿ ತಾಣ, ಒಂದೇ ಜೀನಿನ ದೋಷದಿಂದ ಕೆಲವರಿಗೆ ಮಧುಮೇಹವೂ ಇನ್ನು ಕೆಲವರಿಗೆ ರಕ್ತದ ಸಕ್ಕರೆಯ ಕುಸಿತವೂ ಬರುವುದು, ಇವೆಲ್ಲ ಒಂದೇ ಎಳೆಯಲ್ಲಿ ಬಂದು ನಿಲ್ಲುತ್ತವೆ.

ಮೊದಲು ಈ ಕಿಣ್ವದ ಕೆಲಸವೇನೆಂದು ನೋಡೋಣ. ಜೀವಕೋಶದ ಶಕ್ತಿವಾಹಕ ಅಣುವಾದ ಎಟಿಪಿಯಿಂದ ಒಂದು ಫಾಸ್ಫೇಟ್ ಗುಂಪನ್ನು ತೆಗೆದು ಗ್ಲೂಕೋಸ್‌ನ ಆರನೆಯ ಇಂಗಾಲಕ್ಕೆ ಜೋಡಿಸುವುದು, ಅಂದರೆ ಗ್ಲೂಕೋಸ್-6-ಫಾಸ್ಫೇಟ್ ತಯಾರಿಸುವುದು, ಹೆಕ್ಸೊಕೈನೇಸ್ ಕುಟುಂಬದ ನಾಲ್ಕು ಮುಖ್ಯ ಸದಸ್ಯರ ಸಮಾನ ಕಸುಬು. ಮೊದಲ ಮೂರು ದೊಡ್ಡ ಪ್ರೋಟೀನುಗಳು, ಸುಮಾರು 100 ಕಿಲೋಡಾಲ್ಟನ್ ತೂಕದವು. ಗ್ಲೂಕೋಸ್ ತೀರ ಕಡಿಮೆಯಿದ್ದಾಗಲೂ ಅವು ಅದನ್ನು ಹಿಡಿದುಕೊಳ್ಳುತ್ತವೆ, ತಾವೇ ತಯಾರಿಸಿದ ಗ್ಲೂಕೋಸ್-6-ಫಾಸ್ಫೇಟ್ ಹೆಚ್ಚಾದಾಗ ನಿಧಾನವಾಗುತ್ತವೆ. ನಾಲ್ಕನೆಯದಾದ ಗ್ಲೂಕೋಕೈನೇಸ್ ಅದರ ಅರ್ಧದಷ್ಟು ಗಾತ್ರದ್ದು: 465 ಅಮೈನೊ ಆಮ್ಲಗಳ ಒಂದೇ ಸರಪಳಿ. ಅದು ಮುಖ್ಯವಾಗಿ ಯಕೃತ್ತಿನಲ್ಲಿಯೂ ಮೇದೋಜೀರಕ ಗ್ರಂಥಿಯ ಇನ್ಸುಲಿನ್ ಸ್ರವಿಸುವ ಬೀಟಾ ಕೋಶಗಳಲ್ಲಿಯೂ ಇರುತ್ತದೆ. ಜೀವಕೋಶದಲ್ಲಿ ಸಾಮಾನ್ಯವಾಗಿ ಇರುವ ಮಟ್ಟದ ಗ್ಲೂಕೋಸ್-6-ಫಾಸ್ಫೇಟ್ ಅದನ್ನು ತಡೆಯುವುದಿಲ್ಲ. ಅರ್ಧ ವೇಗ ತಲುಪಲು ಅದಕ್ಕೆ ಸುಮಾರು 8 ಮಿಲಿಮೋಲಾರ್ ಗ್ಲೂಕೋಸ್ ಬೇಕು, ಮೊದಲನೆಯ ಹೆಕ್ಸೊಕೈನೇಸ್‌ಗಾದರೆ 0.1 ಮಿಲಿಮೋಲಾರ್‌ಗಿಂತಲೂ ಕಡಿಮೆ ಸಾಕು. ಗ್ಲೂಕೋಕೈನೇಸ್‌ನ ರೇಖೆಯ ಹಿಲ್ ಗುಣಾಂಕ, ಅಂದರೆ ರೇಖೆ ಎಷ್ಟು ಎಸ್ ಆಕಾರದ್ದು ಎಂಬುದರ ಅಳತೆ, ಸುಮಾರು 1.7; ಅದು 1 ಆಗಿದ್ದರೆ ಎಸ್ ಇಲ್ಲವೆಂದರ್ಥ.

ಈ ಎರಡು ಸಂಖ್ಯೆಗಳಿಂದ ಆಗುವ ಪ್ರಯೋಜನವನ್ನು ಕೈಯಾರೆ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ರಕ್ತದಲ್ಲಿ ಗ್ಲೂಕೋಸ್ 5 ಮಿಲಿಮೋಲಾರ್ ಇದ್ದಾಗ ಈ ಕಿಣ್ವ ತನ್ನ ಗರಿಷ್ಠ ವೇಗದ ಸುಮಾರು 31 ಪ್ರತಿಶತದಲ್ಲಿ ಕೆಲಸ ಮಾಡುತ್ತದೆ. ಗ್ಲೂಕೋಸ್ 10ಕ್ಕೆ ಏರಿದರೆ ವೇಗ ಸುಮಾರು 59 ಪ್ರತಿಶತಕ್ಕೆ ಏರುತ್ತದೆ. ಅಂದರೆ ಗ್ಲೂಕೋಸ್ ಎರಡು ಪಟ್ಟಾದಾಗ ವೇಗವೂ ಹತ್ತಿರಹತ್ತಿರ ಎರಡು ಪಟ್ಟಾಗುತ್ತದೆ. ಇದೇ ಕಿಣ್ವಕ್ಕೆ ಎಸ್ ಆಕಾರದ ಬದಲು, ಮೊದಲು ಬೇಗ ಏರಿ ಕ್ರಮೇಣ ಚಪ್ಪಟೆಯಾಗುವ ಮಾಮೂಲಿ ಅತಿಪರವಲಯದ ರೇಖೆಯಿದ್ದು, ಅರ್ಧ ವೇಗದ ಸಾಂದ್ರತೆ 8 ಮಿಲಿಮೋಲಾರೇ ಆಗಿದ್ದಿದ್ದರೆ, ವೇಗ 38ರಿಂದ 56 ಪ್ರತಿಶತಕ್ಕೆ ಮಾತ್ರ ಏರುತ್ತಿತ್ತು. ಮೊದಲನೆಯ ಹೆಕ್ಸೊಕೈನೇಸ್‌ಗಂತೂ ಈ ಏರಿಳಿತ ಗೊತ್ತೇ ಆಗುವುದಿಲ್ಲ, ಅದು ಎರಡೂ ಸಂದರ್ಭಗಳಲ್ಲಿ ಪೂರ್ಣ ವೇಗದಲ್ಲಿಯೇ ಇರುತ್ತದೆ. ಗ್ಲೂಕೋಕೈನೇಸ್‌ನ ರೇಖೆ ಅತ್ಯಂತ ಕಡಿದಾಗಿ ಏರುವ ಬಿಂದು 4 ಮಿಲಿಮೋಲಾರ್‌ನ ಆಸುಪಾಸಿನಲ್ಲಿದೆ. ಇನ್ಸುಲಿನ್ ಸ್ರಾವ ಆರಂಭವಾಗುವ ಹೊಸ್ತಿಲು ಸುಮಾರು 5 ಮಿಲಿಮೋಲಾರ್. ಈ ಎರಡು ಅಂಕಿಗಳು ಹತ್ತಿರವಿರುವುದರಿಂದಲೇ ಗ್ಲೂಕೋಕೈನೇಸ್ ಬೀಟಾ ಕೋಶದ ಗ್ಲೂಕೋಸ್ ಸಂವೇದಕವಾಗಿ ಕೆಲಸ ಮಾಡಲು ಸಾಧ್ಯವಾಗಿದೆ.

ಈಗ ನಿಮ್ಮ ಮುಖ್ಯ ಸಂಶಯಕ್ಕೆ ಬರೋಣ. ಮೊನೊ, ವೈಮನ್ ಮತ್ತು ಶಾಂಝೋ 1965ರಲ್ಲಿಯೂ, ಕೋಶ್‌ಲ್ಯಾಂಡ್, ನೆಮೆಥಿ ಮತ್ತು ಫಿಲ್ಮರ್ 1966ರಲ್ಲಿಯೂ ಮುಂದಿಟ್ಟ ಎರಡು ಪ್ರಸಿದ್ಧ ಮಾದರಿಗಳು ಪರಸ್ಪರ ಭಿನ್ನವಾಗಿದ್ದರೂ ಒಂದು ವಿಷಯದಲ್ಲಿ ಒಂದೇ: ಎರಡಕ್ಕೂ ಒಂದಕ್ಕಿಂತ ಹೆಚ್ಚು ಬಂಧನ ತಾಣಗಳು ಬೇಕು, ಎರಡೂ ಸಮತೋಲನ ಸ್ಥಿತಿಯ ಲೆಕ್ಕಗಳು. ಸಮತೋಲನದಲ್ಲಿ ಒಂದೇ ತಾಣವುಳ್ಳ ಒಂಟಿ ಸರಪಳಿಯ ಪ್ರೋಟೀನು ಎಷ್ಟೇ ರೂಪಗಳನ್ನು ತಾಳಲಿ, ಅವುಗಳ ನಡುವೆ ಹೇಗೇ ಓಲಾಡಲಿ, ಅದರ ಬಂಧನದ ರೇಖೆ ಸಾಮಾನ್ಯ ಅತಿಪರವಲಯವೇ ಆಗಿರಬೇಕು. ಇದು ಉಷ್ಣಬಲ ವಿಜ್ಞಾನದ ಕಟ್ಟುಪಾಡು, ಇದಕ್ಕೆ ವಿನಾಯಿತಿ ಇಲ್ಲ. ಆದ್ದರಿಂದ ನಿಮ್ಮ ಸಂಶಯ ಸರಿಯಾಗಿಯೇ ಇದೆ. ಅದು ಸರಿಯಾಗಿದೆ ಎಂಬುದಕ್ಕೆ ಪ್ರಯೋಗದ ಸಾಕ್ಷಿಯೂ ಇದೆ: ಎಟಿಪಿ ಇಲ್ಲದೆ, ಕ್ರಿಯೆ ನಡೆಯಲು ಬಿಡದೆ, ಗ್ಲೂಕೋಸ್ ಬರಿದೇ ಕಿಣ್ವಕ್ಕೆ ಅಂಟುವುದನ್ನು ಅಳೆದರೆ ಸಿಗುವ ರೇಖೆಯಲ್ಲಿ ಎಸ್ ಆಕಾರವೇ ಇರುವುದಿಲ್ಲ. ಎಸ್ ಕಾಣಿಸುವುದು ಕಿಣ್ವ ದುಡಿಯುತ್ತಿರುವಾಗ ಅದರ ವೇಗವನ್ನು ಅಳೆದರೆ ಮಾತ್ರ. ಅಂದಮೇಲೆ ಸಹಕಾರಿತ್ವದ, ಅಂದರೆ ಈ ಎಸ್ ಆಕಾರದ ವರ್ತನೆಯ, ಮೂಲವನ್ನು ಬಂಧನದಲ್ಲಿ ಹುಡುಕಿ ಪ್ರಯೋಜನವಿಲ್ಲ, ಕ್ರಿಯೆಯ ಚಕ್ರದ ಯಾವುದೋ ನಿಧಾನದ ಹೆಜ್ಜೆಯಲ್ಲಿ ಹುಡುಕಬೇಕು.

ಆ ಹೆಜ್ಜೆಯನ್ನು ಕಣ್ಣಾರೆ ಕಾಣಲು ಕಿಣ್ವದ ರಚನೆಯನ್ನು ಹತ್ತಿರದಿಂದ ನೋಡಬೇಕು. 2004ರಲ್ಲಿ ಜಪಾನಿನ ಸಂಶೋಧಕರು ಮನುಷ್ಯನ ಗ್ಲೂಕೋಕೈನೇಸ್‌ನ ಎರಡು ಸ್ಫಟಿಕ ರಚನೆಗಳನ್ನು ಪ್ರಕಟಿಸಿದರು. ಒಂದರಲ್ಲಿ ಗ್ಲೂಕೋಸ್ ಮತ್ತು ಚುರುಕುಕಾರಕ ಅಣು (ನೀವು ಕೇಳಿದ ಬಗೆಯ ಔಷಧಿ) ಎರಡೂ ಇದ್ದವು, ಇನ್ನೊಂದರಲ್ಲಿ ಎರಡೂ ಇರಲಿಲ್ಲ. ಎರಡರಲ್ಲಿಯೂ ಪ್ರೋಟೀನಿಗೆ ಒಂದು ದೊಡ್ಡ ವಲಯ, ಒಂದು ಸಣ್ಣ ವಲಯ, ನಡುವೆ ಆಳವಾದ ಕಣಿವೆ. ಸರಪಳಿ ಈ ಎರಡು ವಲಯಗಳ ನಡುವೆ ಮೂರು ಸಲ ಹಾಯುವುದರಿಂದ ಅವನ್ನು ಜೋಡಿಸುವ ಬಳ್ಳಿಗಳೂ ಮೂರು: 65ರಿಂದ 71, 202ರಿಂದ 205 ಮತ್ತು 440ರಿಂದ 444ನೆಯ ಅಮೈನೊ ಆಮ್ಲಗಳವರೆಗಿನ ತುಣುಕುಗಳು. ಗ್ಲೂಕೋಸ್ ಇರುವ ರೂಪದಲ್ಲಿ ಕಣಿವೆ ಮುಚ್ಚಿಕೊಂಡು ಎರಡೂ ವಲಯಗಳು ಸಕ್ಕರೆಯನ್ನು ತಬ್ಬಿರುತ್ತವೆ. ಗ್ಲೂಕೋಸ್ ಇಲ್ಲದ ರೂಪದಲ್ಲಿ ಸಣ್ಣ ವಲಯ ಸುಮಾರು 100 ಡಿಗ್ರಿಯಷ್ಟು ತಿರುಗಿ ದೂರ ಸರಿದಿರುತ್ತದೆ. ಈಸ್ಟ್‌ನ ಹೆಕ್ಸೊಕೈನೇಸ್ ಗ್ಲೂಕೋಸ್ ಸೇರಿದಾಗ ಮುಚ್ಚಿಕೊಳ್ಳುತ್ತದೆ ಎಂಬುದನ್ನು 1978ರಲ್ಲಿಯೇ ಬೆನೆಟ್ ಮತ್ತು ಸ್ಟೈಟ್ಸ್ ತೋರಿಸಿದ್ದರು, ಆದರೆ ಅಲ್ಲಿನ ಚಲನೆ ಇದಕ್ಕೆ ಹೋಲಿಸಿದರೆ ಬಹಳ ಚಿಕ್ಕದು. ಗ್ಲೂಕೋಕೈನೇಸ್‌ನ ಈ ಅಗಲವಾದ ರೂಪವನ್ನು ‘ಅತಿ ತೆರೆದ ರೂಪ’ ಎಂದೇ ಕರೆಯುತ್ತಾರೆ.

ಪಠ್ಯಪುಸ್ತಕಗಳು ಈ ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿ ಮುದ್ರಿಸಿ ನಡುವೆ ಒಂದು ಬಾಣ ಎಳೆದು ಮುಂದೆ ಹೋಗಿಬಿಡುತ್ತವೆ. ನನ್ನ ಅಭಿಪ್ರಾಯದಲ್ಲಿ ಮುಖ್ಯ ಸಂಗತಿ ತಪ್ಪಿಹೋಗುವುದು ಅಲ್ಲಿಯೇ. ತೆರೆದ ರೂಪದ ಚಿತ್ರದಲ್ಲಿ ಒಂದು ಭಾಗ ಕಾಣುವುದೇ ಇಲ್ಲ: 157ರಿಂದ 179ರವರೆಗಿನ ಅಮೈನೊ ಆಮ್ಲಗಳು ಸ್ಫಟಿಕದಲ್ಲಿ ಒಂದು ನಿಶ್ಚಿತ ಜಾಗದಲ್ಲಿ ನಿಲ್ಲದ ಕಾರಣ ಅವುಗಳ ಎಲೆಕ್ಟ್ರಾನ್ ಸಾಂದ್ರತೆ ದಾಖಲಾಗಿಲ್ಲ. ಇದನ್ನು ಚಿತ್ರದ ಕೊರತೆ ಎಂದು ಭಾವಿಸುವುದು ಸುಲಭ, ಆದರೆ ಆ ಕೊರತೆಯೇ ಇಲ್ಲಿ ಮಾಹಿತಿ. ಮುಚ್ಚಿದ ರೂಪದಲ್ಲಿ ಇದೇ ತುಣುಕು, ಸ್ವಲ್ಪ ಹಿಂದಿನಿಂದ, ಅಂದರೆ 151ರಿಂದ 179ರವರೆಗೆ, ಎರಡು ಬೀಟಾ ಎಳೆಗಳು ಹಿಂದಿರುಗಿ ಜೋಡಿಯಾದ ಕುಣಿಕೆಯಾಗಿ ಅಚ್ಚುಕಟ್ಟಾಗಿ ಮಡಚಿಕೊಂಡಿರುತ್ತದೆ. ಗ್ಲೂಕೋಸ್‌ನ್ನು ಹಿಡಿಯುವ ಅಮೈನೊ ಆಮ್ಲಗಳ ಪಟ್ಟಿಯನ್ನು ಈಗ ನೋಡಿ. ದೊಡ್ಡ ವಲಯದ ಕಡೆಯಿಂದ ಆಸ್ಪರಾಜೀನ್ 231, ಗ್ಲುಟಮೇಟ್ 256 ಮತ್ತು ಗ್ಲುಟಮೇಟ್ 290. ಜೋಡಣೆಯ ಬಳ್ಳಿಯಿಂದ ಆಸ್ಪರಾಜೀನ್ 204 ಮತ್ತು ಕ್ರಿಯೆಯಲ್ಲಿ ಪ್ರೋಟಾನ್ ಕೀಳುವ ಆಸ್ಪಾರ್ಟೇಟ್ 205. ಸಣ್ಣ ವಲಯದ ಕಡೆಯಿಂದ ಥ್ರಿಯೊನೀನ್ 168 ಮತ್ತು ಲೈಸೀನ್ 169. ಕೊನೆಯ ಎರಡೂ ಇರುವುದು ಆ ಕಾಣೆಯಾದ ಕುಣಿಕೆಯಲ್ಲಿಯೇ. ಗ್ಲೂಕೋಸ್ ಬಂದಾಗ ಅದನ್ನು ಹಿಡಿಯಬೇಕಾದ ಒಂದು ಕಡೆಯ ಕೈ ಇನ್ನೂ ರೂಪುಗೊಂಡಿರುವುದಿಲ್ಲ.

ಇದರಿಂದ ಎರಡು ಪರಿಣಾಮಗಳು ಹುಟ್ಟುತ್ತವೆ. ಒಂದು, ಗ್ಲೂಕೋಸ್‌ನ ಬಂಧನದಿಂದ ಬಿಡುಗಡೆಯಾಗುವ ಶಕ್ತಿಯ ಒಂದು ಪಾಲು ಈ ಸಡಿಲ ಭಾಗವನ್ನು ಒಪ್ಪಗೊಳಿಸಲು ವೆಚ್ಚವಾಗುತ್ತದೆ. ಗ್ಲೂಕೋಕೈನೇಸ್‌ಗೆ ಗ್ಲೂಕೋಸ್‌ನ ಮೇಲಿನ ಒಲವು ಇತರ ಹೆಕ್ಸೊಕೈನೇಸ್‌ಗಳಿಗಿಂತ ಅಷ್ಟೊಂದು ಕಡಿಮೆಯಿರುವುದಕ್ಕೆ ಇದು ದೊಡ್ಡ ಕಾರಣ. ಎರಡು, ಆ ಒಪ್ಪಗೊಳ್ಳುವಿಕೆಗೆ ಸಮಯ ಬೇಕು. ಈ ಕಿಣ್ವದ ಗರಿಷ್ಠ ವೇಗ ಸೆಕೆಂಡಿಗೆ ಸುಮಾರು 60 ಚಕ್ರಗಳು, ಅಂದರೆ ಒಂದು ಚಕ್ರಕ್ಕೆ ಹದಿನೇಳು ಮಿಲಿಸೆಕೆಂಡ್‌ನಷ್ಟು. ರೂಪ ಬದಲಾವಣೆ ಇದಕ್ಕಿಂತ ಸಾವಿರಾರು ಪಟ್ಟು ಚುರುಕಾಗಿ ನಡೆಯುವಂತಿದ್ದರೆ ಅದು ಲೆಕ್ಕಕ್ಕೇ ಬರುತ್ತಿರಲಿಲ್ಲ. ಆದರೆ ಅದು ಕ್ರಿಯೆಯ ವೇಗದೊಡನೆ ಪೈಪೋಟಿ ಮಾಡುವಷ್ಟು ನಿಧಾನ. ಎಸ್ ಆಕಾರದ ಮೂಲ ಈ ಪೈಪೋಟಿ.

ಹೇಗೆಂದು ಹಂತ ಹಂತವಾಗಿ ಹೇಳುತ್ತೇನೆ. ಒಂದು ಚಕ್ರ ಮುಗಿಸಿ ಗ್ಲೂಕೋಸ್-6-ಫಾಸ್ಫೇಟ್‌ನ್ನು ಹೊರಗೆ ಬಿಟ್ಟ ಮರುಕ್ಷಣ ಕಿಣ್ವ ಇನ್ನೂ ಅಚ್ಚುಕಟ್ಟಾದ ರೂಪದಲ್ಲಿಯೇ ಇರುತ್ತದೆ, ಅದರ ಕುಣಿಕೆ ಇನ್ನೂ ಮಡಚಿಕೊಂಡೇ ಇರುತ್ತದೆ. ಈಗ ಅದಕ್ಕೆ ಎರಡು ದಾರಿಗಳಿವೆ. ಸುತ್ತ ಗ್ಲೂಕೋಸ್ ಧಾರಾಳವಾಗಿದ್ದರೆ, ಕುಣಿಕೆ ಸಡಿಲಗೊಳ್ಳುವ ಮುನ್ನವೇ ಮುಂದಿನ ಅಣು ಬಂದು ಕೂರುತ್ತದೆ, ಚಕ್ರ ತಡೆಯಿಲ್ಲದೆ ಮುಂದುವರಿಯುತ್ತದೆ. ಗ್ಲೂಕೋಸ್ ವಿರಳವಾಗಿದ್ದರೆ, ಮುಂದಿನ ಅಣು ಬರುವಷ್ಟರಲ್ಲಿ ಸಣ್ಣ ವಲಯ ತೆರೆದುಕೊಂಡು ಅಸ್ತವ್ಯಸ್ತವಾಗಿರುತ್ತದೆ. ಆಗ ಪ್ರತಿ ಚಕ್ರಕ್ಕೂ ಮೊದಲು ಆ ನಿಧಾನದ ಮಡಚುವಿಕೆ ಹೊಸದಾಗಿ ನಡೆಯಬೇಕು. ಇಸ್ತ್ರಿ ಪೆಟ್ಟಿಗೆಯ ಕೆಲಸವೂ ಹೀಗೆಯೇ: ಬಟ್ಟೆಗಳು ಒಂದರ ಹಿಂದೊಂದು ಬರುತ್ತಿದ್ದರೆ ಒಮ್ಮೆ ಕಾಯಿಸಿದ ಬಿಸಿಯೇ ಸಾಕು, ತಡೆದು ತಡೆದು ಬಂದರೆ ಪ್ರತಿಯೊಂದಕ್ಕೂ ಮತ್ತೆ ಕಾಯಿಸಿ ಕಾಯಬೇಕು. ಹೀಗೆ ಗ್ಲೂಕೋಸ್ ಹೆಚ್ಚಿದಂತೆ ಅಣುಗಳು ಹೆಚ್ಚು ಸಲ ಬಂದು ತಾಗುವುದಷ್ಟೇ ಅಲ್ಲ, ನಿಧಾನದ ದಾರಿಯನ್ನು ತಪ್ಪಿಸಿಕೊಳ್ಳುವ ಕಿಣ್ವಗಳ ಪಾಲೂ ಹೆಚ್ಚುತ್ತದೆ. ಎರಡು ಕಾರಣಗಳು ಒಟ್ಟುಗೂಡುವುದರಿಂದ ವೇಗ ಗ್ಲೂಕೋಸ್‌ನ ಅನುಪಾತಕ್ಕಿಂತ ಹೆಚ್ಚಾಗಿ ಏರುತ್ತದೆ, ರೇಖೆ ಎಸ್ ಆಗುತ್ತದೆ.

ಈ ವಿಚಾರ ಸ್ಫಟಿಕ ರಚನೆಗಳಿಗಿಂತ ಹಳೆಯದು. ಹಿಂದಿನ ಚಕ್ರದ ರೂಪವನ್ನು ಕಿಣ್ವ ಕೆಲಕಾಲ ‘ನೆನಪಿಟ್ಟುಕೊಳ್ಳುತ್ತದೆ’ ಎಂಬ ಮಾದರಿಯನ್ನು ರಿಕಾರ್ ಮತ್ತು ಸಂಗಡಿಗರು 1974ರಲ್ಲಿ ಮಂಡಿಸಿದರು, 1977ರಲ್ಲಿ ಸ್ಟೋರರ್ ಮತ್ತು ಕಾರ್ನಿಷ್-ಬೌಡೆನ್ ಅದನ್ನು ಇಲಿಯ ಯಕೃತ್ತಿನ ಗ್ಲೂಕೋಕೈನೇಸ್‌ಗೆ ಅನ್ವಯಿಸಿದರು. ಎರಡು ರೂಪಗಳೂ ಕ್ರಿಯೆ ನಡೆಸಬಲ್ಲವು, ಆದರೆ ಅವುಗಳ ನಡುವಿನ ಬದಲಾವಣೆ ನಿಧಾನ ಎಂಬ ಇನ್ನೊಂದು ಮಾದರಿ ಅದಕ್ಕೂ ಹಿಂದೆ, 1972ರಲ್ಲಿ, ನೀಟ್ ಮತ್ತು ಸಹೋದ್ಯೋಗಿಗಳಿಂದ ಬಂದಿತ್ತು. ಇವೆರಡರ ನಡುವಿನ ಸೂಕ್ಷ್ಮ ವ್ಯತ್ಯಾಸ ಚಲನಶಾಸ್ತ್ರದ ಪರಿಣತರಿಗೆ ಮುಖ್ಯ. ನಿಮ್ಮ ಪ್ರಶ್ನೆಗೆ ಎರಡೂ ಕೊಡುವ ಉತ್ತರ ಒಂದೇ.

ಈ ವಿವರಣೆಯನ್ನು ಪರೀಕ್ಷೆಗೆ ಒಡ್ಡುವ ಒಂದು ಸೊಗಸಾದ ವಿಧಾನವಿದೆ, ಅದು ನನಗೆ ತುಂಬ ಇಷ್ಟವಾದದ್ದು. ಸಹಕಾರಿತ್ವ ನಿಜಕ್ಕೂ ಸಮಯದ ಪೈಪೋಟಿಯಿಂದ ಬಂದಿದ್ದರೆ, ಕ್ರಿಯೆಯನ್ನು ಬೇಕೆಂದೇ ನಿಧಾನಗೊಳಿಸಿದಾಗ ಅದು ಮಾಯವಾಗಬೇಕು, ಏಕೆಂದರೆ ಆಗ ರೂಪ ಬದಲಾವಣೆಗೆ ಸಾಕಷ್ಟು ಬಿಡುವು ಸಿಕ್ಕಿ ಎಲ್ಲವೂ ಸಮತೋಲನಕ್ಕೆ ಹತ್ತಿರವಾಗುತ್ತದೆ, ಸಮತೋಲನದಲ್ಲಿ ಎಸ್ ಇರಲು ಸಾಧ್ಯವಿಲ್ಲ. ಕ್ರಿಯೆಯನ್ನು ನಿಧಾನಗೊಳಿಸುವ ಸುಲಭ ಉಪಾಯ ಎಟಿಪಿಯನ್ನು ಕಡಿಮೆ ಮಾಡುವುದು. ಹಾಗೆ ಮಾಡಿದಾಗ ಗ್ಲೂಕೋಸ್‌ನ ಹಿಲ್ ಗುಣಾಂಕ 1.7ರಿಂದ 1ರ ಕಡೆಗೆ ಇಳಿಯುತ್ತದೆ. ಹಲವು ಉಪಘಟಕಗಳ ನಡುವಿನ ಸಹಕಾರದಿಂದ ಹುಟ್ಟಿದ ಎಸ್ ಆಗಿದ್ದರೆ ಅದು ಹೀಗೆ ಕರಗಬೇಕಾದ ಕಾರಣವೇ ಇರಲಿಲ್ಲ.

ಅಸ್ತವ್ಯಸ್ತತೆಯ ನೇರ ಸಾಕ್ಷಿ ಬಂದದ್ದು ದ್ರಾವಣದಲ್ಲಿರುವ ಅಣುವಿನ ಪರಮಾಣುಗಳಿಂದ ಕಾಂತಕ್ಷೇತ್ರದಲ್ಲಿ ಸಂಕೇತ ಪಡೆಯುವ ನ್ಯೂಕ್ಲಿಯರ್ ಮ್ಯಾಗ್ನೆಟಿಕ್ ರೆಸೊನೆನ್ಸ್ ವಿಧಾನದಿಂದ. ಗ್ಲೂಕೋಕೈನೇಸ್‌ನಲ್ಲಿ 17 ಐಸೊಲ್ಯೂಸಿನ್‌ಗಳಿವೆ. ಅವುಗಳ ಮೀಥೈಲ್ ತುದಿಗಳಿಗೆ ಇಂಗಾಲ-13 ಗುರುತು ಹಾಕಿದರೆ ಪ್ರತಿಯೊಂದೂ ತಾನಿರುವ ಜಾಗದ ಸಂಕೇತವನ್ನು ಕಳಿಸುತ್ತದೆ. 2012ರಲ್ಲಿ ಪ್ರಕಟವಾದ ಇಂಥ ಅಧ್ಯಯನದಲ್ಲಿ, ಗ್ಲೂಕೋಸ್ ಇಲ್ಲದಿರುವಾಗ ದೊಡ್ಡ ವಲಯದ ಸಂಕೇತಗಳು ಸ್ಪಷ್ಟವಾಗಿದ್ದವು, ಸಣ್ಣ ವಲಯದ ಸಂಕೇತಗಳು ಮಸುಕಾಗಿದ್ದವು ಅಥವಾ ಸಿಗಲೇ ಇಲ್ಲ. ಗ್ಲೂಕೋಸ್ ಸೇರಿಸಿದಾಗ ಅವು ಕಾಣಿಸಿಕೊಂಡವು. ಸಂಕೇತ ಹೀಗೆ ಮಸುಕಾಗುವುದು ಆ ಭಾಗ ಮಿಲಿಸೆಕೆಂಡ್‌ಗಳ ಆಸುಪಾಸಿನಲ್ಲಿ ಹಲವು ರೂಪಗಳ ನಡುವೆ ಓಡಾಡುತ್ತಿರುವುದರ ಲಕ್ಷಣ. ಅಂದರೆ ಸ್ಫಟಿಕದಲ್ಲಿ ಸಿಕ್ಕ ‘ಅತಿ ತೆರೆದ ರೂಪ’ ಗ್ಲೂಕೋಸ್ ಇಲ್ಲದ ಕಿಣ್ವದ ಏಕೈಕ ರೂಪವಲ್ಲ, ದ್ರಾವಣದಲ್ಲಿ ಅದು ಅನೇಕ ರೂಪಗಳ ಒಂದು ಗುಂಪು. ಸ್ಫಟಿಕ ಅದರಲ್ಲಿ ಒಂದನ್ನು ಹಿಡಿದು ನಿಲ್ಲಿಸಿದೆ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಚುರುಕುಕಾರಕ ಅಣುಗಳು ಕೂರುವ ಜಾಗ ಗ್ಲೂಕೋಸ್‌ನಿಂದ ಸುಮಾರು 20 ಆಂಗ್‌ಸ್ಟ್ರಾಮ್ (ಎರಡು ನ್ಯಾನೊಮೀಟರ್) ದೂರದಲ್ಲಿದೆ. ಅದು ಇರುವುದು ಎರಡು ವಲಯಗಳು ಸೇರುವ ಕೀಲಿನ ಹಿಂಬದಿಯಲ್ಲಿ: 65ರಿಂದ 71ರವರೆಗಿನ ಜೋಡಣೆಯ ಬಳ್ಳಿ, ದೊಡ್ಡ ವಲಯದ ಒಂದು ಅಂಚು, ಸಣ್ಣ ವಲಯದ ಐದನೆಯ ಮತ್ತು ಹದಿಮೂರನೆಯ ಆಲ್ಫಾ ಸುರುಳಿಗಳು ಸೇರಿ ಅದರ ಗೋಡೆಗಳಾಗಿವೆ. ಅಣು ಅಲ್ಲಿ ಅರ್ಜಿನೀನ್ 63ರ ಬೆನ್ನೆಲುಬಿನೊಡನೆ ಹೈಡ್ರೋಜನ್ ಬಂಧಗಳನ್ನು ಹೂಡುತ್ತದೆ, ಟೈರೊಸಿನ್ 214, ಟೈರೊಸಿನ್ 215, ವ್ಯಾಲೀನ್ 455 ಮುಂತಾದವುಗಳ ಮಗ್ಗುಲಲ್ಲಿ ಒರಗಿಕೊಳ್ಳುತ್ತದೆ. ಗಮನಿಸಬೇಕಾದ ವಿಷಯ ಇದು: ಸರಪಳಿಯ ಕೊನೆಯ ಭಾಗದಲ್ಲಿರುವ ಹದಿಮೂರನೆಯ ಸುರುಳಿ ಮುಚ್ಚಿದ ರೂಪದಲ್ಲಿ ಸಣ್ಣ ವಲಯದೊಳಗೆ ಸೇರಿಕೊಂಡು ಐದನೆಯ ಸುರುಳಿಗೆ ಒತ್ತಿಕೊಂಡಿರುತ್ತದೆ, ಅತಿ ತೆರೆದ ರೂಪದಲ್ಲಿ ಅಲ್ಲಿಂದ ಕಳಚಿಕೊಂಡು ಹೊರಬರುತ್ತದೆ. ಅದು ಹೊರಬಂದರೆ ಆ ಗೂಡಿನ ಗೋಡೆಯೇ ಇಲ್ಲ. ಅಂದರೆ ಔಷಧಿ ಕೂರುವ ಗೂಡು ಅತಿ ತೆರೆದ ರೂಪದಲ್ಲಿ ಅಸ್ತಿತ್ವದಲ್ಲಿಯೇ ಇರುವುದಿಲ್ಲ.

ಇದಿಷ್ಟು ಗೊತ್ತಾದ ಮೇಲೆ ದೂರದ ಪರಿಣಾಮದಲ್ಲಿ ನಿಗೂಢವಾದುದು ಹೆಚ್ಚೇನೂ ಉಳಿಯುವುದಿಲ್ಲ. ಔಷಧಿಯ ಅಣು ಕ್ರಿಯಾತಾಣಕ್ಕೆ ಯಾವ ತಂತಿಯ ಮೂಲಕವೂ ಸಂದೇಶ ಕಳಿಸಬೇಕಾಗಿಲ್ಲ. ಮುಚ್ಚಿದ ರೂಪದಲ್ಲಿ ಮಾತ್ರ ಇರುವ ಗೂಡಿನಲ್ಲಿ ಅದು ಕೂತಾಗ ಹದಿಮೂರನೆಯ ಸುರುಳಿ ಹೊರಬರುವುದು ಕಷ್ಟವಾಗುತ್ತದೆ, ಅದರಿಂದ ಮುಚ್ಚಿದ, ಒಪ್ಪವಾದ ರೂಪದ ಪಾಲು ಹೆಚ್ಚುತ್ತದೆ. ಆ ರೂಪ ಗ್ಲೂಕೋಸ್‌ನ್ನು ಚೆನ್ನಾಗಿ ಹಿಡಿಯುವ ರೂಪವೇ ಆದುದರಿಂದ ಅರ್ಧ ವೇಗದ ಸಾಂದ್ರತೆ ಇಳಿಯುತ್ತದೆ. ಇದರ ತಿರುವೂ ಅಷ್ಟೇ ನಿಜ: ಗ್ಲೂಕೋಸ್ ಕೂತಿದ್ದಾಗ ಔಷಧಿಯ ಬಂಧನವೂ ಬಲಗೊಳ್ಳುತ್ತದೆ, ಏಕೆಂದರೆ ಎರಡೂ ಒಂದೇ ರೂಪವನ್ನು ಬಯಸುತ್ತವೆ.

ಪ್ರಕೃತಿ ಇದೇ ಪ್ರಯೋಗವನ್ನು ಉತ್ಪರಿವರ್ತನೆಗಳ ಮೂಲಕ ನಡೆಸಿದೆ. ಈ ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೆ ಗ್ಲೂಕೋಸ್‌ನ ಹೊಸ್ತಿಲು ಮೇಲೇರಿ, ಉಪವಾಸದ ಸಕ್ಕರೆ ಜೀವನವಿಡೀ ಸ್ವಲ್ಪ ಹೆಚ್ಚಾಗಿಯೇ ಇರುವ ಸೌಮ್ಯ ಸ್ವರೂಪದ ವಂಶಪಾರಂಪರ್ಯ ಮಧುಮೇಹ ಬರುತ್ತದೆ ಎಂಬುದು 1992ರಲ್ಲಿ ತಿಳಿದುಬಂತು. ಎರಡೂ ಪ್ರತಿಗಳು ಕೆಟ್ಟರೆ ಹುಟ್ಟಿನಿಂದಲೇ ತೀವ್ರ ಮಧುಮೇಹ. 1998ರಲ್ಲಿ ಇದಕ್ಕೆ ವಿರುದ್ಧವಾದ ಒಂದು ಪ್ರಕರಣ ವರದಿಯಾಯಿತು. ವ್ಯಾಲೀನ್ 455ರ ಜಾಗದಲ್ಲಿ ಮಿಥಿಯೊನೀನ್ ಬಂದಿದ್ದ ಒಂದು ಕುಟುಂಬದವರಲ್ಲಿ ಕಿಣ್ವ ಅತಿ ಚುರುಕಾಗಿ, ಗ್ಲೂಕೋಸ್ ಕಡಿಮೆಯಿದ್ದಾಗಲೂ ಇನ್ಸುಲಿನ್ ಸ್ರವಿಸಿ, ರಕ್ತದ ಸಕ್ಕರೆ ಕುಸಿಯುತ್ತಿತ್ತು. ಆಮೇಲೆ ಥ್ರಿಯೊನೀನ್ 65, ಟ್ರಿಪ್ಟೊಫ್ಯಾನ್ 99, ಟೈರೊಸಿನ್ 214, ಅಲನೀನ್ 456 ಮುಂತಾದ ಜಾಗಗಳಲ್ಲಿಯೂ ಅಂಥ ಬದಲಾವಣೆಗಳು ಸಿಕ್ಕವು. ಕಿಣ್ವವನ್ನು ಕೆಡಿಸುವ ಉತ್ಪರಿವರ್ತನೆಗಳು ಸರಪಳಿಯುದ್ದಕ್ಕೂ ಹರಡಿವೆ, ಯಾವುದೇ ಯಂತ್ರವನ್ನು ಕೆಡಿಸಲು ನೂರು ದಾರಿಗಳಿರುತ್ತವೆ ಎಂಬುದರಲ್ಲಿ ಅಚ್ಚರಿಯಿಲ್ಲ. ಆದರೆ ಚುರುಕುಗೊಳಿಸುವ ಉತ್ಪರಿವರ್ತನೆಗಳು ಬಹುಮಟ್ಟಿಗೆ ಅದೇ ಗೂಡಿನ ಸುತ್ತ ಗುಂಪುಗೂಡಿವೆ. ಕ್ರಿಯಾತಾಣವನ್ನು ಮುಟ್ಟದೆ, ತೆರೆದ ರೂಪವನ್ನು ದುರ್ಬಲಗೊಳಿಸುವುದು ಅಥವಾ ಮುಚ್ಚಿದ ರೂಪವನ್ನು ಬಲಗೊಳಿಸುವುದು ಅವುಗಳ ಕೆಲಸ. 2004ರ ರಚನೆ ಬರುವ ಮೊದಲೇ ರೋಗಿಗಳ ಜೀನುಗಳು ಆ ಗೂಡಿನ ವಿಳಾಸವನ್ನು ಸೂಚಿಸಿದ್ದವು.

ಚುರುಕುಗೊಳ್ಳಲು ಇದೊಂದೇ ದಾರಿಯಲ್ಲ ಎಂಬುದನ್ನೂ ಹೇಳಬೇಕು. 151ರಿಂದ 179ರವರೆಗಿನ ಕುಣಿಕೆಯಲ್ಲಿಯೇ ಬದಲಾವಣೆ ಮಾಡಿದರೆ ಇನ್ನೊಂದು ಬಗೆಯ ಚುರುಕುತನ ಸಿಗುತ್ತದೆ. ಅಂಥ ಕಿಣ್ವಗಳಲ್ಲಿ ಎಸ್ ಆಕಾರ ಕುಗ್ಗುತ್ತದೆ, ಆದರೆ ಗ್ಲೂಕೋಸ್‌ನ ಬರಿಯ ಬಂಧನದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಾಗುವುದಿಲ್ಲ. ಮೊದಲನೆಯ ಬಗೆಯದು ರೂಪಗಳ ಪಾಲನ್ನು ಬದಲಿಸುತ್ತದೆ, ಎರಡನೆಯದು ಕುಣಿಕೆಯ ಅಲುಗಾಟವನ್ನಷ್ಟೇ ತಗ್ಗಿಸುತ್ತದೆ. ಸಮತೋಲನವನ್ನು ಹಾಗೆಯೇ ಉಳಿಸಿ ಸಮಯವನ್ನು ಮಾತ್ರ ಬದಲಿಸಿದರೂ ಎಸ್ ಕರಗುತ್ತದೆ ಎಂಬುದು ಮೇಲಿನ ವಾದಕ್ಕೆ ಬಲವಾದ ಬೆಂಬಲ.

ಮೂರನೆಯ ಪ್ರಶ್ನೆಗೆ ಉತ್ತರ ಚಿಕ್ಕದು. ಆ ಗೂಡಿನಲ್ಲಿ ಕೂರುವ ದೇಹದ್ದೇ ಆದ ಅಣು ಇದೆಂದು ಒಪ್ಪಿತವಾದ ಯಾವುದೂ ಇಲ್ಲ. ಇರಲೇಬೇಕೆಂದು ನಿರೀಕ್ಷಿಸುವುದಕ್ಕೂ ಕಾರಣವಿಲ್ಲ ಎಂಬುದು ನನ್ನ ಎಣಿಕೆ. ದೊಡ್ಡ ಕೀಲಿನ ಸುತ್ತ ತಿರುಗುವ ಯಾವ ಪ್ರೋಟೀನಿನಲ್ಲಿಯಾದರೂ ಒಂದು ರೂಪದಲ್ಲಿ ಮಾತ್ರ ಇದ್ದು ಇನ್ನೊಂದರಲ್ಲಿ ಮಾಯವಾಗುವ ಸಂದುಗಳು ತಾವಾಗಿಯೇ ಉಂಟಾಗುತ್ತವೆ; ಅಂಥ ಸಂದಿಗೆ ಹೊಂದುವ ಅಣುವನ್ನು ರಸಾಯನ ವಿಜ್ಞಾನಿಗಳು ಕಂಡುಹಿಡಿದರೆ ಅದು ನಿಯಂತ್ರಕವಾಗಿ ಕೆಲಸ ಮಾಡುತ್ತದೆ.

ದೇಹದ್ದೇ ಆದ ನಿಯಂತ್ರಕ ಯಕೃತ್ತಿನಲ್ಲಿ ಇದೆ, ಆದರೆ ಅದು ಸಣ್ಣ ಅಣುವಲ್ಲ, ಇನ್ನೊಂದು ಪ್ರೋಟೀನು. ಗ್ಲೂಕೋಕೈನೇಸ್ ನಿಯಂತ್ರಕ ಪ್ರೋಟೀನು ಎಂದು ಕರೆಯುವ ಇದನ್ನು 1980ರ ದಶಕದ ಕೊನೆಯಲ್ಲಿ ವಾನ್ ಸ್ಖಾಫ್ಟಿಂಗನ್ ಗುರುತಿಸಿದರು. ಉಪವಾಸದ ಸ್ಥಿತಿಯಲ್ಲಿ ಅದು ಗ್ಲೂಕೋಕೈನೇಸ್‌ನ್ನು ಕೋಶಕೇಂದ್ರದೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಎರಡೂ ಪ್ರೋಟೀನುಗಳು ಅಂಟಿಕೊಂಡಿರುವ, 2013ರಲ್ಲಿ ಬಂದ ರಚನೆಗಳ ಪ್ರಕಾರ ಅದು ಹಿಡಿಯುವುದು ಅತಿ ತೆರೆದ ರೂಪವನ್ನು. ಗ್ಲೂಕೋಸ್ ಮತ್ತು ಈ ಪ್ರೋಟೀನು ಒಂದೇ ಜಾಗಕ್ಕೆ ಬಡಿದಾಡುವುದಿಲ್ಲ, ಆದರೂ ಪ್ರಯೋಗದಲ್ಲಿ ಒಂದಕ್ಕೊಂದು ಪ್ರತಿಸ್ಪರ್ಧಿಗಳಂತೆ ವರ್ತಿಸುತ್ತವೆ; ಒಂದಕ್ಕೆ ಮುಚ್ಚಿದ ರೂಪ ಬೇಕು, ಇನ್ನೊಂದಕ್ಕೆ ತೆರೆದ ರೂಪ ಬೇಕು ಎಂಬುದಷ್ಟೇ ಕಾರಣ. ಫ್ರಕ್ಟೋಸ್-6-ಫಾಸ್ಫೇಟ್ ಆ ಹಿಡಿತವನ್ನು ಬಿಗಿಗೊಳಿಸುತ್ತದೆ, ಫ್ರಕ್ಟೋಸ್-1-ಫಾಸ್ಫೇಟ್ ಸಡಿಲಿಸುತ್ತದೆ. ಈ ಎರಡೂ ಕೂರುವುದು ನಿಯಂತ್ರಕ ಪ್ರೋಟೀನಿನ ಒಂದೇ ತಾಣದಲ್ಲಿ. ಒಂದು ಅಲೋಸ್ಟೆರಿಕ್ ಪ್ರೋಟೀನು ಇನ್ನೊಂದನ್ನು ನಿಯಂತ್ರಿಸುವ ಅಪರೂಪದ ಜೋಡಿ ಇದು. ಬೀಟಾ ಕೋಶದಲ್ಲಿ ಈ ವ್ಯವಸ್ಥೆ ಕೆಲಸ ಮಾಡುವುದಿಲ್ಲ, ಅಲ್ಲಿ ಕಿಣ್ವ ತನ್ನ ಸ್ವಂತ ಎಸ್ ರೇಖೆಯನ್ನೇ ನೆಚ್ಚಿಕೊಂಡಿದೆ.

ಔಷಧಿಗಳ ಕಥೆಯನ್ನು ನೀವು ಕೇಳಿಲ್ಲ, ಆದರೂ ರಚನೆಯ ಪಾಠ ಅಲ್ಲಿ ಗಟ್ಟಿಯಾಗಿ ಕಾಣಿಸುವುದರಿಂದ ಎರಡು ಮಾತು. ಮೊದಲ ಚುರುಕುಕಾರಕವನ್ನು ರೋಶ್ ಸಂಸ್ಥೆಯ ವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದರು, ಅದರ ಬೆನ್ನಿಗೇ ಹಲವು ಕಂಪನಿಗಳು ಇಳಿದವು. ಮೊದಲ ತಲೆಮಾರಿನ ಹಲವು ಅಣುಗಳು ರೋಗಿಗಳಲ್ಲಿ ರಕ್ತದ ಸಕ್ಕರೆಯನ್ನು ಇಳಿಸಿದವು ನಿಜ, ಆದರೆ ಕೆಲವರಲ್ಲಿ ಅತಿಯಾಗಿ ಇಳಿಸಿದವು, ಟ್ರೈಗ್ಲಿಸರೈಡ್ ಏರಿಸಿದವು, ತಿಂಗಳುಗಳು ಕಳೆದಂತೆ ಪರಿಣಾಮವನ್ನೂ ಕಳೆದುಕೊಂಡವು. ಸಕ್ಕರೆಯ ಕುಸಿತಕ್ಕೆ ಕಾರಣವನ್ನು ಮೇಲಿನ ರೇಖೆಯಲ್ಲಿಯೇ ಓದಬಹುದು: ಕಿಣ್ವವನ್ನು ಮುಚ್ಚಿದ ರೂಪದಲ್ಲಿ ಬಲವಾಗಿ ಕಟ್ಟಿಹಾಕಿದರೆ ಹೊಸ್ತಿಲು ಕೆಳಗಿಳಿಯುವುದಲ್ಲದೆ, ಕಡಿಮೆ ಗ್ಲೂಕೋಸ್‌ನಲ್ಲಿ ತಾನಾಗಿ ನಿಧಾನಿಸುವ ಗುಣವನ್ನೂ ಅದು ಕಳೆದುಕೊಳ್ಳುತ್ತದೆ, ವ್ಯಾಲೀನ್ 455 ಬದಲಾದ ಕುಟುಂಬಕ್ಕೆ ಆದದ್ದೇ ರೋಗಿಗೂ ಆಗುತ್ತದೆ. ಟ್ರೈಗ್ಲಿಸರೈಡ್ ಏರುವುದಕ್ಕೆ ಯಕೃತ್ತಿನಲ್ಲಿ ಗ್ಲೂಕೋಸ್ ಒಳಹರಿವು ಹೆಚ್ಚಿ ಅದು ಕೊಬ್ಬಿನ ತಯಾರಿಕೆಗೆ ತಿರುಗುವುದು ಕಾರಣವೆಂಬುದು ಸಾಮಾನ್ಯ ವಿವರಣೆ. ಡೋರ್ಜಾಗ್ಲಿಯಾಟಿನ್ ಎಂಬ ಅಣುವಿಗೆ 2022ರಲ್ಲಿ ಚೀನಾದಲ್ಲಿ ಅನುಮತಿ ದೊರೆಯಿತು. ಈ ವರ್ಗದಲ್ಲಿ ಮಾರುಕಟ್ಟೆಗೆ ಬಂದ ಮೊದಲನೆಯದು ಅದು.

ಇದನ್ನೆಲ್ಲ ನೀವೇ ಕಂಪ್ಯೂಟರಿನಲ್ಲಿ ನೋಡಬಯಸಿದರೆ ಪ್ರೋಟೀನ್ ಡೇಟಾ ಬ್ಯಾಂಕಿನಿಂದ 1ವಿ4ಎಸ್ ಮತ್ತು 1ವಿ4ಟಿ ಎಂಬ ಎರಡು ಕಡತಗಳನ್ನು ಇಳಿಸಿಕೊಳ್ಳಿ. ಮೊದಲನೆಯದು ಮುಚ್ಚಿದ ರೂಪ, ಎರಡನೆಯದು ಅತಿ ತೆರೆದ ರೂಪ. ಇಡೀ ಪ್ರೋಟೀನನ್ನು ಒಂದರ ಮೇಲೊಂದು ಕೂರಿಸಲು ಹೋಗಬೇಡಿ, ಏನೂ ಸ್ಪಷ್ಟವಾಗುವುದಿಲ್ಲ. 206ರಿಂದ 439ರವರೆಗಿನ ದೊಡ್ಡ ವಲಯವನ್ನು ಮಾತ್ರ ಹೊಂದಿಸಿ. ಆಮೇಲೆ ಥ್ರಿಯೊನೀನ್ 168ನ್ನು ಎರಡೂ ಕಡತಗಳಲ್ಲಿ ಹುಡುಕಿ. ಮೊದಲನೆಯದರಲ್ಲಿ ಅದು ಗ್ಲೂಕೋಸ್‌ಗೆ ತಾಗಿಕೊಂಡು ಕಾಣುತ್ತದೆ, ಎರಡನೆಯದರಲ್ಲಿ ಆ ಸಂಖ್ಯೆಯ ಅಮೈನೊ ಆಮ್ಲವೇ ಕಡತದಲ್ಲಿ ಇರುವುದಿಲ್ಲ. ಹದಿಮೂರನೆಯ ಸುರುಳಿಗೆ ಬಣ್ಣ ಕೊಟ್ಟು, ಅರ್ಜಿನೀನ್ 63ರ ಪಕ್ಕದ ಗೂಡು ಎರಡನೆಯ ಕಡತದಲ್ಲಿ ಏನಾಗಿದೆ ಎಂಬುದನ್ನೂ ಪರಿಶೀಲಿಸಿ.